ಪುಟ್ಟಿಯ ಕೋಟಿನ ತೋಳು

ಹ್ಯಾಮಿಲ್ಟನ್, ಒಂಟಾರಿಯೋ
ಮಾರ್ಚ್ 2019, ರಾತ್ರಿ ಎರಡೂವರೆ

ಪ್ರೀತಿಯ ಅಕ್ಕನಿಗೆ,

ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಪತ್ರವನ್ನೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡೇ ಓದುತ್ತೀಯ. ಪುಟ್ಟಿಯ ಮೆಡಿಕಲ್ ಕಾಲೇಜಿನ ಸಂದರ್ಶನ ಮುಗಿಯಿತು. ಚೆನ್ನಾಗಿಯೇ ಆಯಿತಂತೆ. ಪುಟ್ಟಿ ಪಕ್ಕದ ಮಂಚದಲ್ಲಿ ಮೈಮರೆತು ಮಲಗಿದ್ದಾಳೆ. ನನಗೆ ನಿದ್ದೆ ಹತ್ತುತ್ತಿಲ್ಲ, ಬೆಳಗಾದರೆ ವಿಮಾನ ಹಿಡಿಯಬೇಕು. ಕ್ಯಾಲ್ಗರಿ ತಲುಪಿದ ಮೇಲೆ ಅಡುಗೆ, ಆಫೀಸು ಅಂತ ಬರೆಯುವುದು ಹಿಂದಕ್ಕೇ ಬೀಳುತ್ತದೆ. ಅದಕ್ಕೆ ಈಗಲೇ ಕೂತೆ.

ಅಮ್ಮನ ಕಣ್ಣಿನ ಆಪರೇಷನ್ನಿಗೆ ಡೇಟು ಕೊಟ್ಟರಾ? ಸಕ್ಕರೆ ಹತೋಟಿಗೆ ಬರದೆ ಮಾಡಿಸಬೇಡ. ಪುಟ್ಟಿಯೂ ಅದನ್ನೇ ಹೇಳುತ್ತಾಳೆ.

ಫೋನಿನಲ್ಲಿ "ಎಷ್ಟು ಕೊಡಬೇಕಂತೆ?" ಎಂದು ಕೇಳಿದೆಯಲ್ಲ, ಅಷ್ಟರಲ್ಲಿ ಲೈನ್ ಕಟ್ಟಾಯಿತು. ಡೊನೇಶನ್ ಇಲ್ಲ ಅಕ್ಕಾ. ಫೀಸು ಜಾಸ್ತಿಯೇ, ಅದಕ್ಕೆ ಬ್ಯಾಂಕು ಸಾಲ ಕೊಡುತ್ತದೆ. ಸಂದರ್ಶನ ಅಂದಮೇಲೆ ವಶೀಲಿ ಇದ್ದೇ ಇರುತ್ತದೆ ಅನ್ನುವ ಭಾವನ ಮಾತೂ ಇಲ್ಲಿಗೆ ಹೊಂದುವುದಿಲ್ಲ. ನಮ್ಮ ಚಿನ್ನುಗೆ ನೀಟ್ ರ‍್ಯಾಂಕು ಬಂದು, ಆಪ್ಷನ್ ಎಂಟ್ರಿ ಮಾಡಿದರೆ ಮುಗಿಯಿತು, ಅವನ ಮುಖ ಯಾರೂ ನೋಡುವುದಿಲ್ಲ. ಇಲ್ಲಿ ಮೊದಲು ಡಿಗ್ರಿ ಓದಬೇಕು, ಆಮೇಲೆ ಅರ್ಜಿ. ಈ ಮೆಕ್‌ಮಾಸ್ಟರ್ ಕಾಲೇಜಿನಲ್ಲಿ ಡಿಗ್ರಿಯ ಅಂಕ, ಎಮ್‌ಕ್ಯಾಟ್ ಪರೀಕ್ಷೆಯಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಒಂದು ಭಾಗ ಮಾತ್ರ, ಮತ್ತೆ ಕ್ಯಾಸ್ಪರ್ ಅಂತ ಕಂಪ್ಯೂಟರಿನಲ್ಲಿ ಬರೆಯುವ ನಡತೆಯ ಪರೀಕ್ಷೆ, ಮೂರನ್ನೂ ಸಮನಾಗಿ ತೂಗುತ್ತಾರೆ. ಅರ್ಜಿ ಐದು ಸಾವಿರ ದಾಟುತ್ತವೆ. ಸಂದರ್ಶನಕ್ಕೆ ಕರೆಯುವುದು ಸುಮಾರು 550 ಮಂದಿಯನ್ನು, ಸೀಟು 203. ಕರೆಯಲ್ಲೂ ನೂರಕ್ಕೆ ತೊಂಬತ್ತು ಒಂಟಾರಿಯೋದವರಿಗೇ ಮೀಸಲು. ಆಲ್ಬರ್ಟಾದಿಂದ ಹೋದ ಹುಡುಗಿ ಉಳಿದ ಹತ್ತರಲ್ಲಿ ಒಬ್ಬಳಾದಳು. ಇದನ್ನು ನಿನ್ನ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ಊರಿನ ಬಗ್ಗೆ ಹೆಚ್ಚೇನಿಲ್ಲ. ಉಕ್ಕಿನ ಕಾರ್ಖಾನೆಗಳ ಊರು, ಒಂದು ಕಡೆ ಸರೋವರ, ಸುತ್ತ ನೂರಕ್ಕೂ ಹೆಚ್ಚು ಸಣ್ಣಪುಟ್ಟ ಜಲಪಾತಗಳು. ಟಿಮ್ ಹಾರ್ಟನ್ಸ್ ಕಾಫಿ ಅಂಗಡಿ 1964ರಲ್ಲಿ ಶುರುವಾದದ್ದು ಇಲ್ಲೇ. ನಯಾಗರ ಹತ್ತಿರವೇ ಇದೆ, ನೋಡಲಿಲ್ಲ.

ಇನ್ನು ಇಲ್ಲಿಗೆ ಬರುವಾಗ ಆದದ್ದನ್ನು ಹೇಳುತ್ತೇನೆ. ಕ್ಯಾಲ್ಗರಿಯಲ್ಲಿ ವಿಮಾನ ಹತ್ತುವಾಗ ಮೇಲೆ ಜಾಗವಿಲ್ಲ ಎಂದು ಪುಟ್ಟಿಯ ಬ್ಯಾಗನ್ನು ಬಾಗಿಲಲ್ಲೇ ಕಸಿದುಕೊಂಡು ಕೆಳಗೆ ಹಾಕಿಸಿದರು. ಸಂದರ್ಶನದ ಬಟ್ಟೆಯೆಲ್ಲ ಅದರಲ್ಲೇ. ಹಿಮ ಬಿದ್ದು ವಿಮಾನ ತಡ, ಟೊರಾಂಟೋದಲ್ಲಿ ಇಳಿದರೆ ಬ್ಯಾಗೇ ಇಲ್ಲ. ಕೌಂಟರಿನವನು ತಲೆಯನ್ನೂ ಎತ್ತದೆ ಒಂದು ಫಾರಂ ಮುಂದೆ ತಳ್ಳಿದ. ಲಾಡ್ಜ್ ತಲುಪಿದಾಗ ರಾತ್ರಿ ಹನ್ನೊಂದು. ಅಂಗಡಿಗಳೆಲ್ಲ ಮುಚ್ಚಿದ್ದವು, ಬೆಳಿಗ್ಗೆ ಎಂಟಕ್ಕೆ ಅವಳು ಅಲ್ಲಿರಬೇಕು. ಮೈಮೇಲೆ ಸ್ವೆಟರು, ಜೀನ್ಸು. ಪುಟ್ಟಿ ಅಳಲಿಲ್ಲ. ಆದರೆ ಒಂದು ಮಾತೂ ಆಡಲಿಲ್ಲ, ಅದು ನನಗೆ ಇನ್ನೂ ಸಂಕಟವಾಯಿತು.

ಕೆಳಗೆ ಕೌಂಟರಿನ ಹಿಂದೆ ಒಬ್ಬ ಹೆಂಗಸು ಟವಲು ಮಡಚುತ್ತಿದ್ದರು. ಫಿಲಿಪೀನ್ಸಿನವರು, ನನ್ನ ವಯಸ್ಸಿನವರೇ ಇರಬೇಕು. ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. ಪುಟ್ಟಿಯ ಎರಡು ಭುಜಗಳನ್ನೂ ಹಿಡಿದು ಅಳತೆ ನೋಡಿದರು, ಗಂಡನಿಗೆ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಆತ ಚರ್ಚಿಗೆ ಹಾಕುವ ಆಕೆಯ ಕರೀ ಕೋಟು, ಪ್ಯಾಂಟು ತಂದುಕೊಟ್ಟ. ಪ್ಯಾಂಟು ಸರಿಹೋಯಿತು. ಕೋಟಿನ ತೋಳು ಬೆರಳ ತುದಿಯವರೆಗೆ ಇಳಿಬಿದ್ದಿತ್ತು.

ನಮ್ಮ ರೂಮಿಗೇ ಸೂಜಿ ದಾರ ತಂದರು. ಸೂಜಿ ಮುಟ್ಟುವ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದಿಯನ್ನೆಲ್ಲ ಬಿಡಿಸಿ ಬಿಡಿಸಿ ಕೈ ತೊಳೆದರು. ಪುಟ್ಟಿ ನೋಡುತ್ತಲೇ ಇದ್ದಳು. "ನೀವು ಆಸ್ಪತ್ರೇಲಿ ಕೆಲಸ ಮಾಡ್ತಿದ್ರಾ?" ಎಂದಳು. ಹೌದಂತೆ, ಅವರ ಊರಿನಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಇಲ್ಲಿ ನರ್ಸಾಗಲು ಮತ್ತೆ ಕಾಗದಪತ್ರ, ಮತ್ತೆ ಪರೀಕ್ಷೆ, ಎಲ್ಲದಕ್ಕೂ ದುಡ್ಡು. ಊರಿಗೂ ದುಡ್ಡು ಕಳಿಸಬೇಕು, ಮಕ್ಕಳು ಚಿಕ್ಕವರು. ಹಾಗೇ ವರ್ಷಗಳು ಕಳೆದವಂತೆ. ದೂರುವ ದನಿಯೇ ಇರಲಿಲ್ಲ. ತೋಳನ್ನು ಒಳಕ್ಕೆ ಮಡಚಿ, ಒಳಗಿನ ಲೈನಿಂಗಿಗೆ ಮಾತ್ರ ಸೂಜಿ ತಾಗುವಂತೆ ಹೆಮ್ಮಿಂಗ್ ಹಾಕುತ್ತಿದ್ದರು. ಹೊರಗಡೆ ಒಂದು ಎಳೆಯೂ ಕಾಣಲಿಲ್ಲ ಅಕ್ಕಾ, ನೀನು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದೆ. ಇಂಥ ಕೈಗೆ ಟವಲು ಮಡಚುವ ಕೆಲಸ ಕೊಟ್ಟಿದ್ದಾರಲ್ಲ, ಈ ದೇಶದ ಮೇಲೆ ನನಗಿರುವ ದೊಡ್ಡ ದೂರು ಇದೇ.

ದುಡ್ಡು ಬೇಡವೆಂದರು. ನೀನು ಕಳಿಸಿದ್ದ ಕೋಡುಬಳೆ ನನ್ನ ಕೈಚೀಲದಲ್ಲಿತ್ತು, ಡಬ್ಬಿಯ ಸಮೇತ ಕೊಟ್ಟೆ. ಅಲ್ಲೇ ಒಂದು ಮುರಿದು ಬಾಯಿಗೆ ಹಾಕಿಕೊಂಡರು. ಹೋಗುವಾಗ ಪುಟ್ಟಿಗೆ ಹೇಳಿದ್ದು ಇದು: "ಡಾಕ್ಟರಾದ ಮೇಲೆ, ರಾತ್ರಿ ಪಾಳಿಯ ನರ್ಸು ಫೋನ್ ಮಾಡಿದರೆ ಎದ್ದು ಬಾ. ಅಷ್ಟು ಸಾಕು."

ಬೆಳಿಗ್ಗೆ ಅವಳನ್ನು ಒಳಗೆ ಕಳಿಸಿ ನಾನು ಪಕ್ಕದ ಆಸ್ಪತ್ರೆಯ ಕೆಳಗೆ ಕಾಫಿ ಹಿಡಿದು ಕೂತೆ. ಇಲ್ಲಿಯ ಸಂದರ್ಶನಕ್ಕೆ ಎಮ್‌ಎಮ್‌ಐ ಅನ್ನುತ್ತಾರೆ, ಇದೇ ಕಾಲೇಜಿನವರು ಕಂಡುಹಿಡಿದದ್ದು. ಸಾಲಾಗಿ ಸುಮಾರು ಹತ್ತು ರೂಮು. ಬಾಗಿಲ ಮೇಲೆ ಒಂದು ಕಾಗದ, ಅದರಲ್ಲಿ ಒಂದು ಸಮಸ್ಯೆ. ಓದಲು ಎರಡು ನಿಮಿಷ, ಗಂಟೆ ಹೊಡೆದರೆ ಒಳಗೆ ಹೋಗಿ ಎಂಟು ನಿಮಿಷ ಮಾತಾಡಬೇಕು, ಮತ್ತೆ ಗಂಟೆ, ಪಕ್ಕದ ಬಾಗಿಲು. ಒಂದು ರೂಮಿನಲ್ಲಿ ಡಾಕ್ಟರು, ಇನ್ನೊಂದರಲ್ಲಿ ಅಲ್ಲೇ ಓದುವ ವಿದ್ಯಾರ್ಥಿ, ಮತ್ತೊಂದರಲ್ಲಿ ಈ ಊರಿನ ಯಾರೋ ಒಬ್ಬ ಸಾಮಾನ್ಯರು. ಇವಳ ಅಂಕ ಎಷ್ಟು, ಅಪ್ಪ ಯಾರು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಒಬ್ಬರಿಗೆ ಇವಳು ಹಿಡಿಸದಿದ್ದರೂ ಒಂದು ರೂಮಷ್ಟೇ ಕೈಬಿಡುತ್ತದೆ. ಕೊನೆಯ ಪಟ್ಟಿಯಲ್ಲಿ ನೂರಕ್ಕೆ 70 ಭಾಗ ಇದರದ್ದೇ. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಭಾವನಿಗೆ ಈ ಸಾಲುಗಳನ್ನು ಓದಿ ಹೇಳು.

ಏನು ಕೇಳಿದರು ಅಂದರೆ ಪುಟ್ಟಿ ಬಾಯಿ ಬಿಡಲಿಲ್ಲ. "ಸೈನ್ ಮಾಡಿದೀನಮ್ಮ, ಹೇಳೋ ಹಾಗಿಲ್ಲ." ನಾನೂ ಒತ್ತಾಯಿಸಲಿಲ್ಲ. ವಿಮಾನದಲ್ಲಿ ಅಭ್ಯಾಸಕ್ಕೆ ಓದಿದ ಹಳೆಯ ಪ್ರಶ್ನೆಯೊಂದನ್ನು ಮಾತ್ರ ಹೇಳಬಹುದು, ಅದನ್ನು ಅವರೇ ಪ್ರಕಟಿಸಿದ್ದಾರೆ. ಒಬ್ಬ ಡಾಕ್ಟರಿಗೆ ಹೋಮಿಯೋಪತಿಯಲ್ಲಿ ನಂಬಿಕೆಯಿಲ್ಲ. ಆದರೂ ತಲೆನೋವು, ಸುಸ್ತು ಅಂತ ಬಂದವರಿಗೆ ಅದನ್ನೇ ತೆಗೆದುಕೊಳ್ಳಲು ಹೇಳುತ್ತಾನೆ. ಅದು ಸರಿಯೇ? ನನಗೆ ಅಪ್ಪನ ಪೆಟ್ಟಿಗೆ ನೆನಪಾಯಿತು, ಆ ಪುಟ್ಟ ಸೀಸೆಗಳು, ಬೀದಿಯ ಮಕ್ಕಳೆಲ್ಲ ಬಂದು ನಾಲಿಗೆ ಚಾಚುತ್ತಿದ್ದದ್ದು. "ವಾಸಿಯಾದರೆ ಸರಿ, ಅದರಲ್ಲೇನು ತಪ್ಪು?" ಅಂದೆ. ಪುಟ್ಟಿ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, "ತಾತ ನಂಬಿ ಕೊಡ್ತಿದ್ರು. ಇವನು ನಂಬದೆ ಕೊಡ್ತಾನೆ. ರೋಗಿಗೆ ಅದು ಗೊತ್ತಾದ್ರೆ ಮುಂದಿನ ಸಲ ಅವನು ನಿಜ ಹೇಳಿದ್ರೂ ನಂಬ್ತಾರಾ?" ಎಂದಳು. ಈ ಮಾತು ಅವಳು ಎಲ್ಲಿ ಕಲಿತಳೋ ಅಕ್ಕಾ. ನನಗಂತೂ ಅವಳನ್ನು ಹೊಸದಾಗಿ ನೋಡಿದ ಹಾಗಾಯಿತು.

ಫಲಿತಾಂಶ ಮೇ ತಿಂಗಳ ಎರಡನೇ ಮಂಗಳವಾರ, ಈ ಪ್ರಾಂತ್ಯದ ಎಲ್ಲ ಕಾಲೇಜುಗಳದ್ದೂ ಅವತ್ತೇ. ಚಿನ್ನುವಿನ ನೀಟ್ ಅದಕ್ಕೂ ಮುಂಚೆ ಮುಗಿದಿರುತ್ತದಲ್ಲ? ಅವನನ್ನು ರಾತ್ರಿಯೆಲ್ಲ ಎಬ್ಬಿಸಿ ಕೂರಿಸಬೇಡ, ಭಾವನಿಗೂ ಹೇಳು. ಕೋಟನ್ನು ಹೊಲಿಗೆ ಬಿಚ್ಚಿ ಇಸ್ತ್ರಿ ಮಾಡಿ ಕೌಂಟರಿನಲ್ಲಿ ಕೊಟ್ಟಿದ್ದೇನೆ. ಆಕೆಯ ಪಾಳಿ ಇವತ್ತು ಇರಲಿಲ್ಲ, ಒಂದು ಚೀಟಿ ಬರೆದಿಟ್ಟೆ. ಬ್ಯಾಗು ಇನ್ನೂ ಬಂದಿಲ್ಲ. ಸೈಟಿನ ಖಾತೆ ಕಾಗದ ಸಿಕ್ಕಿತಾ? ಅಪ್ಪನ ಬೀರುವಿನಲ್ಲಿ ಕೆಳಗಿನ ಖಾನೆ ನೋಡು, ಅಲ್ಲಿಲ್ಲದಿದ್ದರೆ ಅಮ್ಮನ ಟ್ರಂಕಿನಲ್ಲಿ, ಆ ಹಸಿರು ಫೈಲು ಇತ್ತಲ್ಲ, ಅದರ ಜೊತೆಗೇ ತೆರಿಗೆ ರಸೀದಿಗಳೂ ಇರಬೇಕು.