ನಕ್ಕ ಮೇಲೆ ಏನು?

ಟಿ.ವಿ.ಯಲ್ಲಿ ರಾಜಕಾರಣಿಗಳನ್ನು ಗೇಲಿ ಮಾಡುವ ಕಾರ್ಯಕ್ರಮ ಬಂದರೆ ಮನೆಮಂದಿಯೆಲ್ಲ ಒಟ್ಟಿಗೆ ನಗುತ್ತಾರೆ. ಆದರೆ ಎಲ್ಲರೂ ಒಂದೇ ಕಾರಣಕ್ಕೆ ನಗುತ್ತಾರೆಯೇ? ತಾತನಿಗೆ ತಮ್ಮ ಕಾಲದ ಯಾರೋ ಮಂತ್ರಿಗಳ ನೆನಪು. ಅಪ್ಪನಿಗೆ ಕಚೇರಿಯಲ್ಲಿ ತಿಂಗಳುಗಟ್ಟಲೆ ಕೂತ ಕಡತದ ನೆನಪು. ಪಿ.ಯು.ಸಿ. ಓದುವ ಮಗನಿಗೆ ಹಳೆಯದೇನೂ ನೆನಪಿಲ್ಲ. ಅವನು ನೇರವಾಗಿ ತೀರ್ಪು ಕೊಡುತ್ತಾನೆ: 'ಎಲ್ಲರೂ ಅಷ್ಟೇ ಬಿಡಪ್ಪಾ, ಓಟು ಹಾಕಿ ಏನು ಪ್ರಯೋಜನ?' ನಗೆ ಒಂದೇ, ಅಭಿಪ್ರಾಯ ಮೂರು. ಈ ಮೂರನೆಯ ಅಭಿಪ್ರಾಯವನ್ನು ಮಾತ್ರ ನಕ್ಕು ಮರೆಯುವಂತಿಲ್ಲ.

ಇಂಥ ಹಾಸ್ಯದ ಮಾತು ಬಂದಾಗ ಮೊದಲು ನೆನಪಾಗುವುದು ಬ್ರಿಟನ್ನಿನ 'ಯೆಸ್ ಮಿನಿಸ್ಟರ್'. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ಈ ಧಾರಾವಾಹಿ 1980ರ ಫೆಬ್ರುವರಿಯಲ್ಲಿ ಬಿ.ಬಿ.ಸಿ.ಯಲ್ಲಿ ಆರಂಭವಾಯಿತು. ಇದರ ಮುಂದುವರಿಕೆಯಾದ 'ಯೆಸ್, ಪ್ರೈಮ್ ಮಿನಿಸ್ಟರ್' 1988ರವರೆಗೆ ನಡೆಯಿತು. ಇರುವುದು ಮೂರೇ ಮುಖ್ಯ ಪಾತ್ರ. ಏನಾದರೂ ಮಾಡಿ ಹೆಸರು ಗಳಿಸಬೇಕೆಂಬ ಮಂತ್ರಿ ಜಿಮ್ ಹ್ಯಾಕರ್. ಏನೂ ಬದಲಾಗದಂತೆ ನೋಡಿಕೊಳ್ಳುವ ಇಲಾಖೆಯ ಕಾರ್ಯದರ್ಶಿ ಸರ್ ಹಂಫ್ರಿ. ಇಬ್ಬರ ನಡುವೆ ಸಿಕ್ಕಿಕೊಂಡ ಆಪ್ತ ಕಾರ್ಯದರ್ಶಿ ಬರ್ನಾರ್ಡ್. ಮಂತ್ರಿಯ ಪಕ್ಷ ಯಾವುದೆಂದು ಧಾರಾವಾಹಿ ಎಲ್ಲಿಯೂ ಹೇಳುವುದಿಲ್ಲ. ಹಾಗಾಗಿ ಪ್ರತಿಯೊಬ್ಬ ವೀಕ್ಷಕನೂ ಅವನನ್ನು ತನಗಾಗದ ಪಕ್ಷಕ್ಕೆ ಸೇರಿಸಿ ಸಂತೋಷಪಡಬಹುದಿತ್ತು!

ಸೋಜಿಗವೆಂದರೆ, ಯಾರನ್ನು ಗೇಲಿ ಮಾಡಲಾಗಿತ್ತೋ ಅವರೇ ಅದನ್ನು ಮೆಚ್ಚಿದರು. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅದರ ದೊಡ್ಡ ಅಭಿಮಾನಿ. 1984ರ ಜನವರಿಯಲ್ಲಿ ನಡೆದ ಪ್ರಶಸ್ತಿ ಸಮಾರಂಭವೊಂದರಲ್ಲಿ ಅವರು ಇಬ್ಬರು ಮುಖ್ಯ ನಟರೊಂದಿಗೆ ತಾವೇ ಒಂದು ಕಿರುಪ್ರಹಸನದಲ್ಲಿ ಅಭಿನಯಿಸಿದರು. ಅರ್ಥಶಾಸ್ತ್ರಜ್ಞರನ್ನೆಲ್ಲ ರದ್ದು ಮಾಡಿಬಿಡಿ ಎಂದು ಪ್ರಧಾನಿ ಆಜ್ಞಾಪಿಸುವುದೇ ಅದರ ಕಥಾವಸ್ತು. ತಮ್ಮನ್ನು ಗೇಲಿ ಮಾಡಿದ್ದಕ್ಕೆ ಅಧಿಕಾರಸ್ಥರು ಕೋಪಿಸಿಕೊಳ್ಳಲಿಲ್ಲವೆಂಬುದು ದೊಡ್ಡತನವೇ. ಆದರೆ ಚುಚ್ಚಿದ ಮುಳ್ಳು ಚುಚ್ಚಿಸಿಕೊಂಡವರಿಗೇ ಹಿತವಾಗಿದ್ದರೆ ಅದು ಎಷ್ಟು ಆಳಕ್ಕೆ ಇಳಿಯಿತು ಎಂದು ಕೇಳುವುದೂ ನ್ಯಾಯವೇ. ಮಂತ್ರಿಯಾದವನು ಅಧಿಕಾರಿಯನ್ನು ನೋಡಿ ನಗಬಹುದು, ಅಧಿಕಾರಿ ಮಂತ್ರಿಯನ್ನು ನೋಡಿ ನಗಬಹುದು. ಕನ್ನಡಿಯಲ್ಲಿ ಪಕ್ಕದವರ ಮುಖ ಮಾತ್ರ ಕಾಣುವುದು ಮನುಷ್ಯಸ್ವಭಾವ.

ಇದಕ್ಕೆ ಅಮೆರಿಕದಿಂದ ಒಳ್ಳೆಯ ಆಧಾರವಿದೆ. ಅಲ್ಲಿ ಸ್ಟೀಫನ್ ಕೋಲ್ಬರ್ಟ್ ಎಂಬ ಹಾಸ್ಯಗಾರ 2005ರಿಂದ 2014ರವರೆಗೆ ಒಂದು ಕಾರ್ಯಕ್ರಮ ನಡೆಸಿದರು. ಸಂಪ್ರದಾಯವಾದಿ ವ್ಯಾಖ್ಯಾನಕಾರನ ವೇಷ ತೊಟ್ಟು, ಅಂಥವರನ್ನೇ ಅಣಕಿಸುವುದು ಅದರ ಧಾಟಿ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 300ಕ್ಕೂ ಹೆಚ್ಚು ಮಂದಿಗೆ ಅದರ ತುಣುಕನ್ನು ತೋರಿಸಿ ಅಭಿಪ್ರಾಯ ಕೇಳಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮಾಷೆಯಾಗಿದೆ ಎಂಬುದರಲ್ಲಿ ಎರಡೂ ಪಂಥದವರಿಗೆ ವ್ಯತ್ಯಾಸವಿರಲಿಲ್ಲ. ಆದರೆ ಸಂಪ್ರದಾಯವಾದಿಗಳಲ್ಲಿ, 'ಈತ ತಮಾಷೆಯ ನೆಪದಲ್ಲಿ ಮನಸ್ಸಿನ ಮಾತನ್ನೇ ಹೇಳುತ್ತಿದ್ದಾನೆ' ಎಂದು ನಂಬುವ ಒಲವು ಹೆಚ್ಚಾಗಿ ಕಂಡಿತು. ಅಂದರೆ ನೋಡಿದ್ದು ಒಂದೇ ದೃಶ್ಯ, ಕಂಡದ್ದು ಅವರವರ ನಂಬಿಕೆ.

ಹಾಗಾದರೆ ಮಕ್ಕಳು ಇಂಥ ಹಾಸ್ಯವನ್ನು ನೋಡಬಾರದೇ? ಖಂಡಿತ ನೋಡಬೇಕು. ಪೌರನೀತಿಯ ಪುಸ್ತಕದಲ್ಲಿಲ್ಲದ ಪಾಠ ಅದರಲ್ಲಿ ಸಿಗುತ್ತದೆ. 1986ರ ಒಂದು ಕಂತಿನಲ್ಲಿ ಸರ್ ಹಂಫ್ರಿ ಜನಾಭಿಪ್ರಾಯ ಸಂಗ್ರಹದ ಗುಟ್ಟನ್ನು ಬರ್ನಾರ್ಡ್‌ಗೆ ಹೇಳಿಕೊಡುತ್ತಾನೆ. ವಿಷಯ, ಕಡ್ಡಾಯ ಸೈನಿಕ ಸೇವೆ ಮತ್ತೆ ಬೇಕೇ ಎಂಬುದು. ಮೊದಲು ಯುವಜನರ ನಿರುದ್ಯೋಗ, ಅಪರಾಧ, ಶಾಲೆಗಳಲ್ಲಿ ಶಿಸ್ತಿನ ಕೊರತೆ ಇವುಗಳ ಬಗ್ಗೆ ಕೇಳಿ, ಕೊನೆಗೆ ಮುಖ್ಯ ಪ್ರಶ್ನೆ ಹಾಕಿದರೆ ಬರ್ನಾರ್ಡ್ 'ಬೇಕು' ಎನ್ನುತ್ತಾನೆ. ಯುದ್ಧದ ಅಪಾಯ, ಎಳೆಯರ ಕೈಗೆ ಬಂದೂಕು ಕೊಡುವುದು ಇವುಗಳಿಂದ ಆರಂಭಿಸಿದರೆ ಅದೇ ಬರ್ನಾರ್ಡ್ ಅದನ್ನು ವಿರೋಧಿಸುತ್ತಾನೆ! ಮನುಷ್ಯ ಒಬ್ಬನೇ, ನಡುವಿನ ಅಂತರ ಒಂದೆರಡು ನಿಮಿಷ. ಚುನಾವಣೆಯ ಕಾಲದಲ್ಲಿ ಬರುವ ಸಮೀಕ್ಷೆಗಳನ್ನು ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ತರಗತಿಯನ್ನು ಎರಡು ಗುಂಪು ಮಾಡಿ, ಯಾವುದಾದರೊಂದು ವಿಷಯದ ಮೇಲೆ ಈ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಖರ್ಚು ಎರಡು ಹಾಳೆ ಕಾಗದ ಮಾತ್ರ.

1981ರ ಇನ್ನೊಂದು ಕಂತಿನಲ್ಲಿ ಹೊಸದಾಗಿ ಕಟ್ಟಿದ ಆಸ್ಪತ್ರೆಯೊಂದು ಬರುತ್ತದೆ. ಅಲ್ಲಿ ಆಡಳಿತ ಮತ್ತು ಇತರ ಸಿಬ್ಬಂದಿ 500ಕ್ಕೂ ಹೆಚ್ಚು. ರೋಗಿಗಳು ಮಾತ್ರ ಒಬ್ಬರೂ ಇಲ್ಲ. ನೋಡಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ನಮ್ಮವರಿಗಂತೂ ಇದು ಪರಕೀಯವೆನಿಸದು. 'ಲಂಚಾವತಾರ' ನಾಟಕದಲ್ಲಿ ಮಾಸ್ಟರ್ ಹಿರಣ್ಣಯ್ಯನವರ ಮಾತುಗಳಿಗೆ ನಕ್ಕವರು ನಾವು. 1988ರಲ್ಲಿ ದೂರದರ್ಶನದಲ್ಲಿ ಓಂ ಪುರಿ ಅಭಿನಯದ 'ಕಕ್ಕಾಜಿ ಕಹಿನ್' ನೋಡಿದವರೂ ಇದ್ದಾರೆ. 'ಯೆಸ್ ಮಿನಿಸ್ಟರ್' ಸಹ ಫಾರೂಕ್ ಶೇಖ್ ಅವರ 'ಜೀ ಮಂತ್ರೀಜಿ'ಯಾಗಿ 2001ರಲ್ಲಿ ಹಿಂದಿಗೆ ಬಂತು.

ಒಂದು ಎಚ್ಚರ ಮಾತ್ರ ಅಗತ್ಯ. ವಿಡಂಬನೆ ಭೂತಗನ್ನಡಿಯಂತೆ. ಎಲೆಯ ಮೇಲಿನ ಚುಕ್ಕೆಯನ್ನು ಅದು ದೊಡ್ಡದು ಮಾಡಿ ತೋರಿಸುತ್ತದೆ. ಚುಕ್ಕೆ ಇರುವುದು ನಿಜ. ಆದರೆ ಎಲೆಯೆಲ್ಲ ಚುಕ್ಕೆಯೇ ಎಂದು ಭೂತಗನ್ನಡಿ ಹೇಳುವುದಿಲ್ಲ, ಹಾಗೆ ಹೇಳುವುದು ನೋಡುವವನ ಅವಸರ. ಬಿಸಿಲಲ್ಲಿ ಮತಗಟ್ಟೆ ಕಾಯುವ ಶಿಕ್ಷಕಿ, ಸಮಯಕ್ಕೆ ಪಿಂಚಣಿ ಮಂಜೂರು ಮಾಡುವ ಗುಮಾಸ್ತ ಹಾಸ್ಯ ಧಾರಾವಾಹಿಗೆ ಬೇಕಾಗಿಲ್ಲ. ಅವರನ್ನು ನೋಡಿ ಯಾರೂ ನಗುವುದಿಲ್ಲವಲ್ಲ!

ಇನ್ನೊಂದು ಸಂಗತಿ. 'ಯೆಸ್ ಮಿನಿಸ್ಟರ್'ನ ಮೊದಲ ಕಂತಿನ ಹೆಸರೇ 'ಓಪನ್ ಗವರ್ನ್‌ಮೆಂಟ್', ಅಂದರೆ ಬಾಗಿಲು ತೆರೆದ ಸರ್ಕಾರ. ಅದು ಸಾಧ್ಯವೇ ಇಲ್ಲವೆಂಬುದೇ 1980ರ ಆ ತಮಾಷೆಯ ತಿರುಳು. ಬ್ರಿಟನ್ನಿನ ಮಾಹಿತಿ ಹಕ್ಕಿನ ಕಾನೂನು 2005ರ ಜನವರಿಯಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಭಾರತದ ಕಾನೂನು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಕರ್ನಾಟಕವಂತೂ 2000ದಲ್ಲಿಯೇ ತನ್ನದೇ ಕಾನೂನು ಮಾಡಿತ್ತು. ಇದು ನಗೆಯಿಂದ ಆದ ಕೆಲಸವಲ್ಲ, ಕೇಳುತ್ತಲೇ ಇದ್ದ ಜನರಿಂದ ಆದದ್ದು. ಇಂದು ಕೇಂದ್ರ ಸರ್ಕಾರದ ಕಚೇರಿಯೊಂದರ ಕಡತದಲ್ಲಿ ಏನಿದೆ ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನಾದರೂ ಕೇಳಬಹುದು.

ಮಗ 'ಎಲ್ಲರೂ ಅಷ್ಟೇ' ಎಂದಾಗ ಅಪ್ಪ ಹೌದೆಂದು ತಲೆಯಾಡಿಸಿ ಚಾನೆಲ್ ಬದಲಿಸಿದರೆ ಪಾಠ ಅಲ್ಲಿಗೇ ಮುಗಿಯಿತು. ಅದರ ಬದಲು, 'ಯಾರನ್ನು ನೋಡಿ ನಕ್ಕೆ? ಅವನು ಮಾಡಿದ್ದರಲ್ಲಿ ತಪ್ಪು ಯಾವುದು? ಅದನ್ನು ತಡೆಯಲು ಯಾವ ದಾರಿಯಿದೆ?' ಎಂದು ಮೂರು ಪ್ರಶ್ನೆ ಕೇಳಲಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದು 1989ರಿಂದಲೂ ಜಾರಿಯಲ್ಲಿದೆ. ಪಿ.ಯು.ಸಿ. ಹುಡುಗನಿಗೆ ಆ ದಿನ ದೂರವಿಲ್ಲ. ಮನೆಯಲ್ಲಿ ನಕ್ಕವನು ಮತಗಟ್ಟೆಗೂ ಹೋದರೆ ನಗಿಸಿದವರ ಶ್ರಮ ಸಾರ್ಥಕ. ಹೋಗದೆ ಮನೆಯಲ್ಲಿಯೇ ಕುಳಿತರೆ ನಗುವವನು ಸರ್ ಹಂಫ್ರಿ.