ಫೋನ್ ಸಾಕೋ, ಜಿಪಿಎಸ್ ಡಿವೈಸ್ ಬೇಕೋ? ನಮ್ಮ ಕಾಕಾನ ಹೊಲದಾಗ ಕಲ್ತದ್ದು

1/5

ಹುಣ್ಣಿಮಿಗೆ ಗಾಣಗಾಪುರಕ್ಕ ನಡ್ಕೊಂಡು ಹೋದ ಫೋಟೋ ಹಾಕಿದ್ನೆಲ್ಲ, ಅದರ ಕೆಳಗ ಆಳಂದದ ದೋಸ್ತ ಒಬ್ಬ ಕೇಳಿದ: "ಹೊರಗ ತಿರುಗಾಡೋಕ ಫೋನ್ ಸಾಕೇನು, ಇಲ್ಲಾ ಕೈಯಾಗ ಹಿಡಿಯೋ ಜಿಪಿಎಸ್ ಡಿವೈಸೇ ಬೇಕೇನು?" ಜೇವರ್ಗಿಯ ನಮ್ಮ ಕ್ಲಾಸ್‌ಮೇಟ್ ಒಬ್ಬಾಕಿ ಕೇಳಿದ್ಲು: "ನನ್ನ 1,800 ರೂಪಾಯಿ ವಾಚಿನಾಗ ಜಿಪಿಎಸ್ ಅದ ಅಂತಾರ, ಖರೆ ಏನು?"

ಎರಡು ಸಾಲಿನಾಗ ಉತ್ತರ ಕೊಡಬಹುದಿತ್ತು. ಆದ್ರ ಇದರ ಹಿಂದ ನಾ ಯಾರಿಗೂ ಹೇಳಲಾರದ ಒಂದು ಮಾತು ಅದ. ಅದನ್ನ ಹೇಳಿ ಆಮ್ಯಾಲ ಉತ್ತರ ಕೊಡ್ತೀನಿ.

ಮೊದಲನೇ ಫೋಟೋದಾಗ ಕಾಣೋದು ನಮ್ಮ ಹೊಲ. ಅಫಜಲಪುರ ತಾಲೂಕು, ಭೀಮಾ ದಂಡಿ. ನಮ್ಮ ಮುತ್ಯಾ ಇದ್ದಾಗ ಒಂದೇ ಹೊಲ. ಈಗ ಅರ್ಧ ನಮ್ಮಪ್ಪಂದು, ಅರ್ಧ ಕಾಕಾಂದು. ನಡುವ ಒಂದು ಒಡ್ಡು, ಒಡ್ಡಿನ ತುದಿಗೆ ಹದ್ದಿನ ಕಲ್ಲು. 2025ರ ಜೂನ್‌ದಾಗ ಆ ಕಲ್ಲಿನ ಮ್ಯಾಲ ಕುಂತು ಒಂದು ರೀಲ್ ಮಾಡಿದ್ದೆ. ಮಾಡಿ, ಜಾಗ ಚಂದ ಅದ ಅಂತ ಫೋನಿನ ನಕ್ಷೆಯಾಗ ಒಂದು ಪಿನ್ ಹಾಕಿ ಸೇವ್ ಮಾಡಿದ್ದೆ.

ಸೆಪ್ಟೆಂಬರ್‌ದಾಗ ಏನಾಯ್ತು ನಿಮಗ ಗೊತ್ತದ. ಮಳಿ, ಮ್ಯಾಲಿಂದ ಮಹಾರಾಷ್ಟ್ರದ ನೀರು, ಭೀಮಾ ಉಕ್ಕಿ ಹರೀತು. ನೀರು ಇಳಿದ ಮ್ಯಾಲ ಹೋಗಿ ನೋಡಿದ್ರ ತೊಗರಿ ಇಲ್ಲ, ಒಡ್ಡು ಇಲ್ಲ, ಕಲ್ಲೂ ಇಲ್ಲ. ಬರೇ ರಾಡಿ.

2/5

ಅಪ್ಪ, ಕಾಕಾ ಇಬ್ಬರೂ ಒಡ್ಡು ಎಲ್ಲಿತ್ತು ಅಂತ ಕಣ್ಣಳತಿ ಮ್ಯಾಲ ಮಾತಾಡ್ಲಿಕ್ಕತ್ತಿದ್ರು. ಜಗಳ ಇರ್ಲಿಲ್ಲ. ನಾನೇ ನಡುವ ಹೋದೆ. "ತಡೀರಿ, ನನ್ನ ಹತ್ರ ಪಿನ್ ಅದ" ಅಂದೆ. ಫೋನ್ ಹಿಡ್ಕೊಂಡು ರಾಡ್ಯಾಗ ನಡ್ದೆ, ನೀಲಿ ಚುಕ್ಕಿ ಪಿನ್ ಮ್ಯಾಲ ಬಂದು ಕೂಡ್ತು. ಅಲ್ಲೇ ನಿಂತು ಕಟಿಗಿ ಊರಿದೆ. "ಕಲ್ಲು ಇಲ್ಲೇ ಇತ್ತು."

ಕಾಕಾ ಅಂದ, "ಅಷ್ಟು ಈ ಕಡೆ ಇರ್ಲಿಲ್ಲೋ. ನೀ ನನ್ನ ಹೊಲದಾಗ ಬಂದು ನಿಂತೀದಿ."

ನಾ ಫೋನ್ ಅವನ ಮುಖದ ಮುಂದ ಹಿಡ್ದು ಅಂದೆ: "ಕಾಕಾ, ಇದು ಉಪಗ್ರಹ. ಮನುಷ್ಯಾರಂಗ ಸುಳ್ಳು ಹೇಳಲ್ಲ."

ಆ ಮಾತು ನಾ ಹ್ಯಾಂಗ ಆಡಿದೆ ನನಗ ಈಗೂ ತಿಳಿವಲ್ಲದು. ಕಾಕಾ ಏನೂ ಅನ್ಲಿಲ್ಲ. ಚಪ್ಪಲ ಕೈಯಾಗ ಹಿಡ್ಕೊಂಡು ಹೋಗೇಬಿಟ್ಟ. ಅಪ್ಪಗ ನನ್ನ ಫೋನಿನ ಮ್ಯಾಲ ನಂಬಿಕಿ ಬಂದುಬಿಟ್ಟಿತ್ತು. ಅಲ್ಲಿಂದ ಅಣ್ಣ ತಮ್ಮನ ಮಾತು ಬಂದ್.

ಎಳ್ಳಮಾಸಿ ನಮ್ಮ ಕಡೆ ಹ್ಯಾಂಗ ಅಂತ ನಿಮಗ ಹೇಳೋದು ಬ್ಯಾಡ. ಬಂಧು ಬಳಗ ಎಲ್ಲಾ ಹೊಲಕ್ಕ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಕೂಡಿ ಉಣ್ಣೋದು. ಈ ಸಲ ಅದೇ ಹೊಲದಾಗ ನಾವು ಈ ಕಡೆ, ಕಾಕಾನ ಮನಿಯವರು ಆ ಕಡೆ ಕುಂತು ಉಂಡಿವಿ. ಆಯಿ ಯಾವ ಕಡೆ ಕುಂದ್ರಬೇಕು ಅಂತ ತಿಳೀದೆ ಹೊಲಕ್ಕೇ ಬರ್ಲಿಲ್ಲ.

3/5

ಈಗ ಉಪಗ್ರಹದ ಮಾತಿಗೆ ಬರೋಣ. ನಾ ಆಮ್ಯಾಲ ಓದಿ ತಿಳ್ಕೊಂಡದ್ದು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. "ನಾನು ಇಲ್ಲಿದ್ದೇನೆ, ಈಗ ಇಷ್ಟು ಸಮಯ" ಅಂತ ಅವು ಸಿಗ್ನಲ್ ಕಳಿಸ್ತಾ ಇರ್ತವೆ. ಆ ಸಿಗ್ನಲ್ ಬಂದು ಮುಟ್ಟಲು ಹಿಡಿದ ಸಮಯದಿಂದ ನಿಮ್ಮ ಫೋನ್ ದೂರ ಲೆಕ್ಕ ಹಾಕ್ತದ. ಕನಿಷ್ಠ ನಾಲ್ಕು ಉಪಗ್ರಹ ಬೇಕು: ಮೂರು ಜಾಗಕ್ಕೆ, ಒಂದು ಫೋನಿನ ಗಡಿಯಾರ ಸರಿ ಮಾಡಿಕೊಳ್ಳೋಕೆ. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗ ತಪ್ಪಿದ್ರೂ ದೂರದಲ್ಲಿ 30 ಸೆಂ.ಮೀ. ತಪ್ಪು ಬರ್ತದ. ವಾತಾವರಣ ದಾಟುವಾಗ ಸಿಗ್ನಲ್ ತಡ ಆಗ್ತದ. ಗಿಡ, ಗೋಡೆಗೆ ಬಡಿದು ಬಂದ್ರ ಇನ್ನೂ ತಡ.

ಅದಕ್ಕೇ ಅಮೆರಿಕ ಸರ್ಕಾರದ ಜಿಪಿಎಸ್ ಜಾಲತಾಣವೇ ಹೇಳ್ತದ: ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನ್ ಸಾಮಾನ್ಯವಾಗಿ 4.9 ಮೀಟರ್ ಒಳಗೆ ನಿಖರ. ಅಂದ್ರ ನೀಲಿ ಚುಕ್ಕಿ ಹೇಳೋದು "ನೀ ಇಲ್ಲೇ ಅದೀದಿ" ಅಂತಲ್ಲ, "ಇಲ್ಲೇ ಎಲ್ಲೋ ಅದೀದಿ" ಅಂತ. ಚುಕ್ಕಿ ಸುತ್ತ ತೆಳು ನೀಲಿ ವರ್ತುಲ ಕಾಣ್ತದಲ್ಲ, ಅದು ಚಂದಕ್ಕ ಹಾಕಿದ್ದಲ್ಲ. ಆ ವರ್ತುಲದಾಗ ಎಲ್ಲಾದ್ರೂ ಇರಬಹುದು ಅಂತ ಅರ್ಥ. ನಾ ಚುಕ್ಕಿ ನೋಡಿದೆ, ವರ್ತುಲ ನೋಡ್ಲಿಲ್ಲ. ಜೂನ್‌ದಾಗ ಪಿನ್ ಹಾಕುವಾಗ ಒಂದು ತಪ್ಪು, ಮತ್ತ ಹುಡುಕುವಾಗ ಇನ್ನೊಂದು ತಪ್ಪು. ಎರಡೂ ಒಂದಕ್ಕೊಂದು ಎದುರು ದಿಕ್ಕಿಗೆ ವಾಲಿದ್ರ ಹತ್ತು ಮೀಟರ್ ಆಯ್ತು.

ನಾವು ಬಿಕಾಂದವ್ರು, ಲೆಕ್ಕ ಹಾಕೋಣ. 100 ಮೀಟರ್ ಉದ್ದದ ಒಡ್ಡು 5 ಮೀಟರ್ ಸರಿದ್ರ 500 ಚದರ ಮೀಟರ್. ಗುಂಟೆ ಅಂದ್ರ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಹತ್ತಿರ ಹತ್ತಿರ 5 ಗುಂಟೆ! ಫೋನ್ "ಸಾಮಾನ್ಯ" ಅಂತ ಬಿಡೋ ತಪ್ಪಿನಾಗ ಒಬ್ಬರ 5 ಗುಂಟೆ ಭೂಮಿ ಹೋಗ್ತದ.

ನಂಬಿಕಿ ಬರ್ಲಿಲ್ಲಂದ್ರ ನಾ ಮಾಡಿದ್ದು ನೀವೂ ಮಾಡ್ರಿ. ಮನಿ ಮುಂದಿನ ಬೇವಿನ ಗಿಡದ ಬುಡಕ್ಕ ನಿಂತು ದಿನಾ ಒಂದು ಪಿನ್, ಏಳು ದಿನ. ನನ್ನ ಏಳು ಪಿನ್ ಏಳು ಕಡೆ ಬಿದ್ದಾವ. ಎರಡನೇ ಫೋಟೋ ಅದೇ. ಗಿಡ ಅಂತೂ ಸರಿದಿಲ್ಲ.

4/5

"ಹಂಗಾದ್ರ ಗಾರ್ಮಿನ್ ಇದ್ದಿದ್ರ ಸರಿ ಆಗ್ತಿತ್ತು" ಅಂತ ನನಗೂ ಅನಿಸಿತ್ತು. ಆಗ್ತಿರ್ಲಿಲ್ಲ. ಕೈಯಾಗ ಹಿಡಿಯೋ ಸಾಧಾರಣ ಡಿವೈಸ್ ಕೂಡ ಕೆಲವು ಮೀಟರ್ ಆಚೀಚೆ ಹೇಳೋದೇ. ಅದಕ್ಕ ಕೊಡೋ ರೊಕ್ಕ ನಿಖರತೆಗಲ್ಲ, ತಾಳಿಕೆಗೆ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ನೋಡ್ರಿ: ಎರಡು ಪೆನ್ಸಿಲ್ ಸೆಲ್, 25 ತಾಸು ಅಂತ ಕಂಪನಿ ಹೇಳ್ತದ. ಸೆಲ್ ಮುಗಿದ್ರ ಕಿರಾಣಿ ಅಂಗಡ್ಯಾಗ ಹೊಸಾದು ತಗೊಂಡು ಹಾಕಬಹುದು. ಬಿಸಲಾಗ ಪರದೆ ಕಾಣ್ತದ, ಒದ್ದಿ ಕೈಲೆ ಗುಂಡಿ ಒತ್ತಬಹುದು. ಐಫೋನ್‌ಗೆ ಆಪಲ್ ಹೇಳೋ ಮಿತಿ 35 ಡಿಗ್ರಿ ಹವಾ. ನಮ್ಮ ಕಡೆ ಏಪ್ರಿಲ್‌ದಾಗ 40 ದಾಟ್ತದ. ಹೊರಗ ಫೋನ್ ಕಾದು ಬಂದ್ ಆದ್ರ ಆಶ್ಚರ್ಯ ಇಲ್ಲ.

ಮತ್ತ ನಮ್ಮ ಒಡ್ಡು ಹ್ಯಾಂಗ ಸಿಕ್ತು? ಅಪ್ಪಗ ಕಾಡಿ ಬೇಡಿ ಹದ್ದುಬಸ್ತಿಗೆ ಅರ್ಜಿ ಹಾಕಿಸಿದೆ. ಆಜೂಬಾಜು ಹೊಲದವರಿಗೆ ನೋಟಿಸ್ ಹೋಯ್ತು, ಕಾಕಾಗೂ. ಜನವರಿಯಾಗ ಸರ್ವೇಯರ್ ಸಾಹೇಬರು ಹಳೇ ದಾಖಲೆ, ರೋವರ್ ಎರಡೂ ತಂದ್ರು. ರೋವರ್ ಅಂದ್ರ ಕೋಲಿನ ತುದಿಗೆ ಬುಟ್ಟಿಯಂಗ ಕಾಣೋ ಮಿಷನ್. ಅದೂ ಇವೇ ಉಪಗ್ರಹಗಳನ್ನೇ ಕೇಳ್ತದ. ಆದ್ರ ತನ್ನ ಜಾಗ ಪಕ್ಕಾ ಗೊತ್ತಿರೋ ಸ್ಥಿರ ಕೇಂದ್ರಗಳು "ಈಗ ಉಪಗ್ರಹದ ಲೆಕ್ಕ ಇಷ್ಟು ತಪ್ಪು ಬರ್ಲಿಕ್ಕತ್ತದ" ಅಂತ ನೆಟ್‌ವರ್ಕ್ ಮ್ಯಾಲ ತಿದ್ದುಪಡಿ ಕಳಿಸ್ತಾವ. ಅದಕ್ಕ ತಪ್ಪು ಮೀಟರ್‌ದಿಂದ ಕೆಲವೇ ಸೆಂ.ಮೀ.ಗೆ ಇಳೀತದ.

ಕಲ್ಲು ನೆಟ್ಟರು. ನಾ ಊರಿದ ಕಟಿಗಿ ಅಲ್ಲಿಂದ ಏಳು ಹೆಜ್ಜಿ ಆಚಿ, ಕಾಕಾನ ಹೊಲದಾಗ ಇತ್ತು. ಕಾಕಾ ಕಣ್ಣಳತಿಲೆ ತೋರಿಸಿದ ಜಾಗ ಒಂದೇ ಹೆಜ್ಜಿ ತಪ್ಪಿತ್ತು. ಅದೂ ನಮ್ಮ ಕಡೆಗಲ್ಲ, ತನ್ನ ಹೊಲದ ಕಡೆಗೇ. ತಾನೇ ಒಂದು ಹೆಜ್ಜಿ ಬಿಟ್ಟುಕೊಟ್ಟು ಹೇಳಿದ್ದ.

5/5

ಈಗ ಉತ್ತರ. ಯಾವ ಡಿವೈಸ್ ಅಂತ ಕೇಳೋ ಮೊದಲು, ನನಗ ಬೇಕಾದ ಉತ್ತರ ಎಷ್ಟು ಮೀಟರಿಂದು ಅಂತ ಕೇಳ್ಕೊಳ್ರಿ.

ದಾರಿ ಹುಡುಕೋಕ, ಗಾಣಗಾಪುರ ಘತ್ತರಗಿ ಪಾದಯಾತ್ರೆಗೆ: ಫೋನ್ ಸಾಕು. ಹೊಂಡೋ ಮೊದಲು ನಕ್ಷೆ ಡೌನ್‌ಲೋಡ್ ಮಾಡ್ಕೊಳ್ರಿ. ಜಿಪಿಎಸ್‌ಗೆ ನೆಟ್ ಬೇಕಾಗಿಲ್ಲ, ನಕ್ಷೆ ಇಳಿಸ್ಕೊಳ್ಳೋಕ ಬೇಕು. ನೆಟ್ ಇಲ್ಲದ ಕಡೆ ಮೊದಲ ಸಲ ಚುಕ್ಕಿ ಬರೋಕ ತಡ ಆದ್ರ ಬಯಲಾಗ ಸುಮ್ನ ನಿಂದ್ರಿ. ಪವರ್ ಬ್ಯಾಂಕ್ ಇರ್ಲಿ, ಫೋನ್ ನೆರಳಾಗ ಇರ್ಲಿ.

ಜೇವರ್ಗಿ ಗೆಳತಿಗೆ: ಅಗ್ಗದ ವಾಚ್‌ಗಳಾಗ ಬಾಳಷ್ಟಕ್ಕ ತಮ್ಮದೇ ಜಿಪಿಎಸ್ ಇರಂಗಿಲ್ಲ, ಫೋನಿಂದೇ ತಗೋತಾವ. ಫೋನ್ ಮನ್ಯಾಗ ಬಿಟ್ಟು ಒಂದು ಸುತ್ತು ಹಾಕು. ದಾರಿ ನಕ್ಷೆ ಬಂದ್ರ ಅದ, ಇಲ್ಲಂದ್ರ ಇಲ್ಲ.

ಆಳಂದದ ದೋಸ್ತಗ: ಕಾಡು, ಗುಡ್ಡದಾಗ ಎರಡು ಮೂರು ದಿನ ಇರೋದಾದ್ರ ಡಿವೈಸ್ ತಗೋ, ಇಲ್ಲಂದ್ರ ರೊಕ್ಕ ಉಳಸು. ಇನ್ನೊಂದು, ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಡಿವೈಸ್‌ಗೆ ನಮ್ಮ ದೇಶದಾಗ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಹೊರದೇಶದ ಸಂಬಂಧಿಕರ ಕೈಲೆ ಸುಮ್ನ ತರಿಸಬ್ಯಾಡ.

ಹೊಲದ ಹದ್ದಿಗೆ: ಫೋನೂ ಬ್ಯಾಡ, ಗಾರ್ಮಿನ್ನೂ ಬ್ಯಾಡ. ಹದ್ದುಬಸ್ತಿಗೆ ಅರ್ಜಿ ಹಾಕ್ರಿ. ಭೀಮಾ ದಂಡಿಯ ನಿಮ್ಮ ಮನಿಯಾಗೂ ಈ ಮಾತು ನಡದಿದ್ರ ಇದನ್ನ ಮನಿಯವರಿಗೆ ಓದಿ ಹೇಳ್ರಿ.

ಕಲ್ಲು ನೆಟ್ಟ ದಿನ ಸಂಜಿಕೆ ಕಾಕಾನ ಮನಿಗೆ ಹೋದೆ. "ತಪ್ಪಾಯ್ತು ಕಾಕಾ" ಅಂದೆ. ಕಾಕಾ ಟಿವಿ ನೋಡ್ಕೋತ ಕುಂತಿದ್ದ, ಹೊಳ್ಳಿ ನೋಡ್ಲಿಲ್ಲ. ಕಾಕು ಚಹಾ ಕೊಟ್ಲು. ಕುಡದು ಎದ್ದಾಗ ಕಾಕಾ ಕೇಳಿದ, "ಆಯಿ ಊಟ ಮಾಡ್ಯಾಳೇನು?" ಅಷ್ಟೇ. ಅಪ್ಪನ ಜೋಡಿ ಇನ್ನೂ ಮಾತಿಲ್ಲ. ಮುಂದಿನ ಎಳ್ಳಮಾಸಿ ತನಕ ಟೈಮ್ ಅದ, ನಾ ಬಿಡಂಗಿಲ್ಲ.

ನಿಮ್ಮ ಏಳು ಪಿನ್ ಎಷ್ಟು ದೂರ ಬಿದ್ದಾವ? ಸ್ಕ್ರೀನ್‌ಶಾಟ್ ಕಳಸ್ರಿ, ಸ್ಟೋರಿಗೆ ಹಾಕ್ತೀನಿ.

#ಅಫಜಲಪುರ #ಆಳಂದ #ಜೇವರ್ಗಿ #ಭೀಮಾದಂಡಿ #ನಮ್ಮಹೊಲ