ಎರವಲು ಅಂಗಿಯ ಕಾಳಿದಾಸ

ಸಿನಿಮಾ ನೋಡಿ ಅತ್ತವರು ಬಹಳ ಮಂದಿ ಇದ್ದಾರೆ. ಸಿನಿಮಾ ನೋಡಿ ಬೆವತವರು ಎಷ್ಟು ಮಂದಿ? ಅಂಥ ಒಬ್ಬ ಬಡಪಾಯಿ ಈ ವಾರ ಈ ಪುಟದಲ್ಲಿ ನಿಮ್ಮೆದುರು ಕೂತಿದ್ದಾನೆ. ದೆವ್ವದ ಚಿತ್ರ ನೋಡಿ ಬೆವತದ್ದಲ್ಲ ಸ್ವಾಮಿ, ಅಪ್ಪಟ ಪ್ರೇಮಚಿತ್ರ ನೋಡಿ! ಅದೂ ಕಳಸದಲ್ಲಿ, ಮಾರ್ಚ್ ತಿಂಗಳ ಒಂದು ತಣ್ಣನೆಯ ರಾತ್ರಿ.

ಕಳಸದಲ್ಲಿ ನನಗೊಬ್ಬ ಗೆಳೆಯ. ಹೊರನಾಡಿಗೆ ಬರುವ ಯಾತ್ರಿಕರನ್ನೂ ಬೆಟ್ಟ ನೋಡಲು ಬರುವ ಬೆಂಗಳೂರಿನವರನ್ನೂ ಜೀಪಿನಲ್ಲಿ ಹೊತ್ತು ತಿರುಗುವವನು. ಹಗಲು ಅಣ್ಣಾವ್ರ ಹಾಡು, ರಾತ್ರಿ ಕೊರಿಯಾದ ಚಿತ್ರ. ಇದು ಅವನ ದಿನಚರಿ. ಅವತ್ತು ನನ್ನ ಮುಖ ಸಪ್ಪಗಿದ್ದದ್ದು ಕಂಡು, "ಬಾ ಮಾರಾಯ, ಒಂದು ಪಿಕ್ಚರ್ ತೋರಿಸ್ತೀನಿ, ಎಲ್ಲಾ ಸರಿಯಾಗ್ತದೆ" ಎಂದು ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟ.

ಚಿತ್ರದ ಹೆಸರು "ಲವ್ ಮಿ ನಾಟ್". 2006ರದ್ದು. ನಾಯಕಿ ಮೂನ್ ಗುನ್-ಯಂಗ್, ನಾಯಕ ಕಿಮ್ ಜೂ-ಹ್ಯೂಕ್. ಈ ನಟ 2017ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಕಥೆ ಇಷ್ಟು: ಸಾಲದಲ್ಲಿ ಕುತ್ತಿಗೆವರೆಗೆ ಮುಳುಗಿದ ಒಬ್ಬ ಷೋಕಿಲಾಲ. ಕಣ್ಣು ಕಾಣದ ಒಬ್ಬ ಶ್ರೀಮಂತ ಹುಡುಗಿ. ಎಂದೋ ಕಳೆದುಹೋದ ಅವಳ ಅಣ್ಣ ನಾನೇ ಎಂದು ಹೇಳಿಕೊಂಡು ಇವನು ಆ ಮನೆ ಹೊಗುತ್ತಾನೆ. ಬಂದದ್ದು ಆಸ್ತಿಗಾಗಿ. ಆದರೆ ಅಲ್ಲಿ ಅವನು ಲೆಕ್ಕ ಹಾಕದೇ ಇದ್ದದ್ದೊಂದು ನಡೆದುಹೋಗುತ್ತದೆ. ಸುಳ್ಳು ಹೇಳಲು ಹೋದವನು ಪ್ರೀತಿಗೆ ಬೀಳುತ್ತಾನೆ! ಕೊನೆ ಏನು ಅಂತ ನಾನು ಹೇಳೋದಿಲ್ಲ. ನೋಡದವರ ಶಾಪ ನನಗೆ ಬೇಡ.

ಚಿತ್ರ ಮುಗಿಯಿತು. ಗೆಳೆಯ ಕಣ್ಣೊರೆಸಿಕೊಂಡು, "ಎಂಥ ಕೊರಿಯಾ, ಎಂಥ ಕಥೆ! ಇದು ನಮ್ಮ ಕಾಳಿದಾಸನೇ ಅಲ್ಲನಾ? ವೇಷ ಹಾಕಿ ಹುಡುಗಿಯನ್ನ ಒಪ್ಪಿಸೋದು" ಎಂದ.

ನನಗೆ ಬೆವರು ಬಂದದ್ದು ಆಗ. ಯಾಕೆಂದರೆ ನನ್ನ ಮೈಮೇಲಿದ್ದ ಅಂಗಿ ಅವನದ್ದೇ, ಎರವಲು ತಂದದ್ದು. ಆ ಅಂಗಿ ಹಾಕಿಕೊಂಡು ಎಂಟು ತಿಂಗಳಿಂದ ನಾನು ಒಂದು ಮನೆಗೆ ಹೋಗಿ ಬರುತ್ತಿದ್ದೆ.

ಕುರುಬನ ಮೇಲೆ ರೇಷ್ಮೆ

ಗೆಳೆಯ ಹೇಳಿದ್ದು "ಕವಿರತ್ನ ಕಾಳಿದಾಸ"ದ ಮಾತು. 1983ರ ಚಿತ್ರ. ನಿರ್ದೇಶನ ರೇಣುಕಾ ಶರ್ಮ, ಸಂಗೀತ ಎಂ. ರಂಗರಾವ್. ಅಣ್ಣಾವ್ರ ಕಾಳಿದಾಸನಿಗೆ ಜಯಪ್ರದಾ ವಿದ್ಯಾಧರೆ. ನಮ್ಮ ವಯಸ್ಸಿನವರು ಇದನ್ನು ಥಿಯೇಟರಿನಲ್ಲಿ ನೋಡಿದವರಲ್ಲ, ಟಿ.ವಿ.ಯಲ್ಲಿ, ಫೋನಿನಲ್ಲಿ ನೋಡಿದವರು. ಆದರೂ ಮಾತುಗಳು ಬಾಯಿಪಾಠ!

ಕಥೆ ಗೊತ್ತಿರುವುದೇ. ಸೇಡಿನ ಮಂತ್ರಿಯೊಬ್ಬ ಅಕ್ಷರ ಅರಿಯದ ಕುರುಬನಿಗೆ ಪಂಡಿತನ ವೇಷ ಹಾಕಿಸಿ ರಾಜಕುಮಾರಿಗೆ ಕಟ್ಟಿಸುತ್ತಾನೆ. ಮದುವೆಯಾದ ಮೇಲೆ ಗುಟ್ಟು ರಟ್ಟು. ಆಮೇಲೆ ಕಾಳಿಯ ಕೃಪೆ, ಕುರುಬ ಕವಿಯಾಗುತ್ತಾನೆ. ಇದು ಚರಿತ್ರೆಯಲ್ಲ, ದಂತಕಥೆ. ಆದರೆ ಸಿನಿಮಾದವರಿಗೆ ಈ ದಂತಕಥೆ ಮೇಲೆ ಎಂಥ ಮೋಹ ನೋಡಿ. 1955ರಲ್ಲೇ ಹೊನ್ನಪ್ಪ ಭಾಗವತರ್ "ಮಹಾಕವಿ ಕಾಳಿದಾಸ" ಮಾಡಿದ್ದರು. ಬಿ. ಸರೋಜಾದೇವಿ ಬೆಳ್ಳಿತೆರೆಗೆ ಬಂದದ್ದು ಆ ಚಿತ್ರದಿಂದ. 1960ರಲ್ಲಿ ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಕಾಳಿದಾಸರಾದರು, 1966ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್. ಅತ್ತ "ಲವ್ ಮಿ ನಾಟ್" ಕಥೆಯೂ ಹೀಗೇ ಊರೂರು ತಿರುಗಿದ್ದು. ಮೂಲ 2002ರ ಜಪಾನಿನ ಟಿ.ವಿ. ಧಾರಾವಾಹಿ. ಕೊರಿಯಾದವರು ಅದನ್ನು ಚಿತ್ರ ಮಾಡಿ ಸಾಲದೆ 2013ರಲ್ಲಿ ಮತ್ತೆ ಧಾರಾವಾಹಿಯನ್ನೂ ಮಾಡಿದರು. ಸುಳ್ಳಿನಲ್ಲಿ ಹುಟ್ಟಿದ ಪ್ರೀತಿಗೆ ಎಲ್ಲ ಭಾಷೆಯಲ್ಲೂ ಗಿರಾಕಿ ಇದ್ದಾರೆ!

ಯಾಕೆ ಇಷ್ಟ ಆಗ್ತದೆ ಅಂದರೆ, ನಾವು ಹುಡುಗರು ಎಲ್ಲರೂ ಒಳಗೊಳಗೇ ಆ ಕುರುಬರೇ. ಹುಡುಗಿ ಎದುರು ನಿಂತಾಗ ಇದ್ದದ್ದಕ್ಕಿಂತ ಒಂದು ಗೇಣು ಎತ್ತರ ಕಾಣುವ ಆಸೆ. ಆದರೆ ಚಿತ್ರದ ಕುರುಬ ಮುಗ್ಧ. ಅವನಿಗೆ ವೇಷ ಹಾಕಿಸಿದವರು ಬೇರೆ. ನನಗೆ ವೇಷ ಹಾಕಿಸಿದ ಮಂತ್ರಿ ಯಾರು? ನಾನೇ.

ರೈಟರ್ ಅಂದರೆ ಯಾರು?

ಹೋದ ವರ್ಷ ಜುಲೈ. ಮೂಡಿಗೆರೆಯಿಂದ ಕಳಸಕ್ಕೆ ಹೊರಟ ಬಸ್ಸು, ಮುಂದೆ ಮರ ಬಿದ್ದಿದೆ ಅಂತ ಕೊಟ್ಟಿಗೆಹಾರದಲ್ಲಿ ನಿಂತುಬಿಟ್ಟಿತು. ಕೊಟ್ಟಿಗೆಹಾರ ಅಂದರೆ ನಿಮಗೆ ಗೊತ್ತಲ್ಲ, ಮಂಜು ಮತ್ತು ನೀರುದೋಸೆ. ಹೋಟೆಲಿನ ಬೆಂಚಿನಲ್ಲಿ ನನ್ನೆದುರು ಒಬ್ಬ ಹಿರಿಯರು, ಪಕ್ಕದಲ್ಲಿ ಅವರ ಮಗಳು. ನನ್ನ ಮೈಮೇಲೆ ಗೆಳೆಯನ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು.

"ಎಂಥ ಕೆಲಸ ಮಾಡ್ಕಂಡಿದ್ದೀರಿ?" ಅಂತ ಹಿರಿಯರು ಕೇಳಿದರು.

ನಾನು ಗತ್ತಿನಲ್ಲಿ "ರೈಟರ್" ಅಂದೆ.

ಸುಳ್ಳಲ್ಲ. ನಾಲ್ಕು ಪತ್ರಿಕೆಗೆ ಬರೆಯುತ್ತೇನೆ, ಅಚ್ಚಾದರೆ ದುಡ್ಡು ಬರುತ್ತದೆ. ಆದರೆ ನಮ್ಮ ಕಾಫಿ ಸೀಮೆಯಲ್ಲಿ ರೈಟರ್ ಅಂದರೆ ಕವಿಯಲ್ಲ ಸ್ವಾಮಿ! ತೋಟದ ಲೆಕ್ಕ ಬರೆದು, ಆಳುಗಳ ಮೇಲೆ ಕಣ್ಣಿಟ್ಟು, ಸಾಹುಕಾರರಿಗೆ ವರದಿ ಒಪ್ಪಿಸುವವನು ರೈಟರ್. ತಿಂಗಳ ಸಂಬಳ, ಇರೋಕೆ ಮನೆ. ಹಿರಿಯರ ಮುಖ ಅರಳಿತು. "ಹೌದಾ! ಯಾವ ತೋಟ ರೈಟ್ರೇ?"

ಆಗ ನಕ್ಕು ನಿಜ ಹೇಳಿದ್ದರೆ ಕಥೆ ಒಂದು ದೋಸೆಯಲ್ಲಿ ಮುಗಿಯುತ್ತಿತ್ತು. ಆದರೆ ಅವಳು ತಲೆಯೆತ್ತಿ ನೋಡಿದಳು. ನಾನು "ಕಳಸದ ಕಡೆ" ಅಂದೆ. "ಎಷ್ಟು ಓದಿದ್ದು?" "ಬಿ.ಎ." ಎರಡನೇ ಪಿ.ಯು.ಸಿ. ನಡುವಿನಲ್ಲೇ ಬಿಟ್ಟವನ ಬಾಯಲ್ಲಿ ಬಿ.ಎ. ಎಷ್ಟು ಸಲೀಸಾಗಿ ಬಂತು ಅಂದರೆ, ನನಗೇ ಒಂದು ಕ್ಷಣ ಪದವಿ ಸಿಕ್ಕ ಹಾಗಾಯಿತು.

ಅವಳು ಬಿ.ಕಾಂ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ನೋಡುವವಳು, ಶನಿವಾರ ಊರಿಗೆ ಬರುವವಳು. ಬಣಕಲ್ ಕಡೆ ಅಪ್ಪನದು ಎರಡು ಎಕರೆ ಅರೇಬಿಕಾ. ಆಮೇಲೆ ಭಾನುವಾರಗಳು ನನ್ನವಾದವು. "ಬನ್ನಿ ರೈಟ್ರೇ" ಅನ್ನೋ ಸ್ವಾಗತ, ಅಕ್ಕಿರೊಟ್ಟಿ, ಅವಳ ಅಮ್ಮನ ಕೈಯ ಕಾಫಿ. ಮೊದಮೊದಲು ಅದೊಂದು ಆಟ. ಆಟ ಯಾವಾಗ ನಿಂತಿತು ಅಂತ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಆಡಿದ ನಾಲ್ಕು ಮಾತನ್ನೇ ತಿರುವಿ ತಿರುವಿ ನೆನೆಯುವ ಸ್ಥಿತಿಗೆ ಬಂದಿದ್ದೆ.

ನಿಜ ಹೇಳಿಬಿಡ್ತೀನಿ ಅಂತ ಗೆಳೆಯನ ಹತ್ತಿರ ಹತ್ತು ಸಲ ಅಂದೆ. ಅವನು, "ಬಿಡಾ ಮಾರಾಯ. ಬಾಬಾಬುಡನ್ ಏಳು ಕಾಫಿ ಬೀಜ ಕದ್ದು ತಂದದ್ದಕ್ಕೇ ಅಲ್ಲನಾ ನಾವೆಲ್ಲ ಊಟ ಮಾಡ್ತಿರೋದು?" ಎಂದು ನಗುತ್ತಿದ್ದ. ಹದಿನೇಳನೇ ಶತಮಾನದಲ್ಲಿ ಯೆಮನ್‌ನ ಮೋಚಾದಿಂದ ಆ ಸಂತರು ಬೀಜ ಅಡಗಿಸಿ ತಂದರು ಅನ್ನೋ ಐತಿಹ್ಯ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ನನ್ನ ಸುಳ್ಳಿಗೆ ಸಂತರ ಸಾಕ್ಷಿ! ಎಷ್ಟು ಅಗ್ಗದ ಸಮಾಧಾನ ನೋಡಿ. ಅವರು ತಂದ ಬೀಜದಿಂದ ಗಿಡ ಹುಟ್ಟಿತು. ನಾನು ಬಿತ್ತಿದ್ದರಿಂದ ಏನಾಯಿತು, ಕೇಳಿ.

ಗಿಡಕ್ಕೆ ಸುಳ್ಳು ಗೊತ್ತಾಗುತ್ತದೆ

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಅವರ ಅಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಆರು ಗಿಡಗಳ ಎಲೆ ಹಳದಿಯಾಗಿತ್ತು. ಕಾಂಡದ ಮೇಲೆ ಉಬ್ಬಿದ ಗೆರೆ. "ಬೋರರ್ ಇರಬಹುದಾ ರೈಟ್ರೇ? ಕಿತ್ತು ಹಾಕ್ಲಾ?"

ಇದು ಬಿಳಿ ಕಾಂಡಕೊರಕ, ಅರೇಬಿಕಾದ ಯಮ. ಹುಳ ಕಾಂಡದೊಳಗೆ ಕೊರೆಯುತ್ತದೆ, ಆಮೇಲೆ ದುಂಬಿಯಾಗಿ ಹೊರಬಂದು ಪಕ್ಕದ ಗಿಡದಲ್ಲಿ ಮೊಟ್ಟೆ ಇಡುತ್ತದೆ. ಏಪ್ರಿಲ್-ಮೇ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು ಸಲ ಅದು ಹಾರುವ ಕಾಲ. ಅಷ್ಟರೊಳಗೆ ಗುರುತಿಸಿ, ಕಿತ್ತು ಸುಡಬೇಕು. ಇದೆಲ್ಲ ಇವತ್ತು ನನಗೆ ಗೊತ್ತು. ಅವತ್ತು ಗೊತ್ತಿರಲಿಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಬಸ್ಸಿನ ದಾರಿ. ಅಲ್ಲಿ ಕೇಳಿ ಬನ್ನಿ ಅಂದಿದ್ದರೆ ಸಾಕಿತ್ತು. ಆದರೆ ರೈಟರ್ ಆದವನು ಗೊತ್ತಿಲ್ಲ ಅನ್ನೋಕಾಗ್ತದಾ? ಗಂಭೀರವಾಗಿ ಗಿಡ ತಟ್ಟಿ ನೋಡಿ, "ಬೇಡ, ಇನ್ನೊಂದು ಫಸಲು ನೋಡಿ" ಅಂದೆ. ಅವರು ನಂಬಿದರು. ವಯಸ್ಸಿನಲ್ಲಿ ನನ್ನ ಎರಡರಷ್ಟು ದೊಡ್ಡವರು, ನನ್ನ ಅಂಗಿಯನ್ನು ನಂಬಿದರು.

ಮಾರ್ಚಿನಲ್ಲಿ ಪಕ್ಕದ ತೋಟದ ನಿಜವಾದ ರೈಟರ್ ಬಂದು ನೋಡಿ, "ಯಾರು ಬಿಡಿ ಅಂದದ್ದು ಇದನ್ನ?" ಅಂತ ಕೇಳಿದರಂತೆ. ಎಣಿಸಿದರೆ ಮೂವತ್ತೇಳು ಗಿಡ. ಅವರ ಅಪ್ಪ ನನ್ನ ಹೆಸರು ಹೇಳಲಿಲ್ಲವಂತೆ. ಇದನ್ನು ಅವಳು ಫೋನಿನಲ್ಲಿ ಹೇಳಿದ ದಿನವೇ ನಾನು ಸಪ್ಪಗೆ ಕಳಸಕ್ಕೆ ಹೋದದ್ದು, ಆ ಚಿತ್ರ ನೋಡಿ ಬೆವತದ್ದು.

ರಾತ್ರಿಯೆಲ್ಲ ನಿದ್ದೆ ಇಲ್ಲ. ಚಿತ್ರಗಳಲ್ಲಿ ನಾವು ಯಾವಾಗಲೂ ಮೋಸ ಮಾಡಿದವನ ಕಣ್ಣೀರು ನೋಡಿ ಚಪ್ಪಾಳೆ ಹೊಡೆಯುತ್ತೇವೆ. ಕ್ಯಾಮೆರಾ ಅವನ ಮುಖದ ಮೇಲೇ ಇರುತ್ತದೆ. ಮೋಸ ಹೋದವಳ ಲೆಕ್ಕ ಬರೆಯುವ ರೈಟರ್ ಯಾರು? "ಕವಿರತ್ನ ಕಾಳಿದಾಸ"ವನ್ನೇ ಇನ್ನೊಮ್ಮೆ ನೆನೆಸಿಕೊಳ್ಳಿ. ಕಾಳಿಯ ಕೃಪೆಯಾದ ಮೇಲೆ ಕುರುಬನಿಗೆ ಕವಿತೆ ಸಿಗುತ್ತದೆ, ಭೋಜರಾಜನ ಆಸ್ಥಾನ ಸಿಗುತ್ತದೆ. ಮತ್ತೆ ವಿದ್ಯಾಧರೆಗೆ? ಗಂಡನ ಮರೆವು ಸಿಗುತ್ತದೆ! ಹಳೆಯದೆಲ್ಲ ಮರೆತವನನ್ನು ಅವಳು ಹುಡುಕಿ ಅಲೆಯಬೇಕು. ಆ ಕವಿ ಕಟ್ಟುವ ನಾಟಕವೂ ಎಂಥದು? ಗಂಡ ಮರೆತುಬಿಟ್ಟ ಶಾಕುಂತಲೆಯದು. ಅದೇ ಅಣ್ಣಾವ್ರು ದುಷ್ಯಂತ, ಅದೇ ಜಯಪ್ರದಾ ಶಕುಂತಲೆ. ವೇಷ ಅವನದು, ಬೆಲೆ ಅವಳದು. ಬೆಲೆ ಕೊಟ್ಟದ್ದು ಇಲ್ಲಿ ಮೂವತ್ತೇಳು ಗಿಡ.

ಇನ್ನೊಂದು ಮಾತು ತಲೆ ಕೊರೆಯಿತು. ಆ ಕಾಳಿದಾಸನ ಪಾತ್ರ ಮಾಡಿದವರು ಯಾರು? ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ನಾಟಕ ಕಂಪನಿ ಸೇರಿದ ಮುತ್ತುರಾಜ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟ ಮೇಲೂ ಅಣ್ಣಾವ್ರು ತಾನು ಓದಿದವನಲ್ಲ ಅನ್ನೋದನ್ನು ಮುಚ್ಚಿಡಲಿಲ್ಲ. ರೇಷ್ಮೆ ಹಾಕಿದ್ದು ತೆರೆಯ ಮೇಲೆ ಮಾತ್ರ, ಕೆಳಗೆ ಬಿಳಿ ಪಂಚೆ, ಬಿಳಿ ಅಂಗಿ. ಅವರ ಅಭಿಮಾನಿ ಅಂತ ಎದೆ ತಟ್ಟಿಕೊಳ್ಳುವ ನಾನು ಕಲಿತದ್ದು ಏನು? ಅವರ ಬಿಳಿ ಅಂಗಿಯ ಬಣ್ಣ ಮಾತ್ರ.

ಇಂಟರ್ವಲ್

ಆ ಭಾನುವಾರ ನನ್ನ ಹಳೇ ಚೌಕುಳಿ ಅಂಗಿ ಹಾಕಿಕೊಂಡು ಬಣಕಲ್‌ಗೆ ಹೋದೆ. ಜಗಲಿಯಲ್ಲಿ ನಿಂತೇ ಎಲ್ಲ ಹೇಳಿದೆ. ರೈಟರ್ ಅಲ್ಲ, ಬಿ.ಎ. ಅಲ್ಲ, ಗಿಡದ ವಿಷಯ ಏನೂ ಗೊತ್ತಿಲ್ಲ. ಅವರ ಅಪ್ಪ ಬಹಳ ಹೊತ್ತು ಎಲೆಅಡಿಕೆ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಅಂದರು:

"ಓದ್ಲಿಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ. ನಾನೂ ಏಳನೇ ಕ್ಲಾಸು. ಆದ್ರೆ ಎಂಟು ತಿಂಗಳು ನಮ್ಮನೇಲಿ ಊಟ ಬಡಿಸಿದ್ವಲ್ಲ, ಯಾರಿಗೆ ಬಡಿಸಿದ್ದು ಅಂತ ಈಗ ಗೊತ್ತಾಗ್ತಿಲ್ಲ."

ಇಷ್ಟು ವರ್ಷ ಸಿನಿಮಾ ನೋಡಿದ್ದೇನೆ, ಇಂಥ ಡೈಲಾಗ್ ಕೇಳಿಲ್ಲ. ಕೇಳಲೂ ಬಾರದು.

ಗೇಟಿನವರೆಗೆ ಅವಳು ಬಂದಳು. "ಬಿ.ಎ. ಇಲ್ಲ ಅಂತ ನಂಗೆ ಗೊತ್ತಿತ್ತು. ಕಾಲೇಜಿನ ಸುದ್ದಿ ಬಂದಾಗೆಲ್ಲ ಮಾತು ತಿರುಗಿಸ್ತಿದ್ರಿ. ನೀವಾಗೇ ಹೇಳ್ತೀರಿ ಅಂತ ಕಾದೆ. ಆದ್ರೆ ಗಿಡದ ವಿಷಯ ಗೊತ್ತಿಲ್ದೆ ಹೇಳಿದ್ರಿ ಅಂತ ಗೊತ್ತಿರ್ಲಿಲ್ಲ. ಅಪ್ಪನಿಗೆ ಅದು ಗಿಡ ಅಲ್ಲ." ಇಷ್ಟೇ ಹೇಳಿ ಒಳಗೆ ಹೋದಳು.

ಮಾರನೇ ದಿನ ಬೆಳಿಗ್ಗೆ ಕತ್ತಿ, ಗುದ್ದಲಿ ಹಿಡಿದು ನಾನೇ ತೋಟಕ್ಕೆ ಹೋದೆ. ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ದುಂಬಿ ಹಾರುವ ಏಪ್ರಿಲ್ ಬರುವುದರೊಳಗೆ ಮೂವತ್ತೇಳನ್ನೂ ಕಿತ್ತು ಸುಟ್ಟೆ. ಕೈಯಲ್ಲಿ ಬೊಬ್ಬೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಖಾಲಿ ಜಾಗಕ್ಕೆ ಹೊಸ ಸಸಿ ಇಡುವಾಗಲೂ ಹೋದೆ. ಈಗ "ರೈಟ್ರೇ" ಅನ್ನೋ ಮಾತಿಲ್ಲ. ಬರೀ "ಬನ್ನಿ".

ಹೋದ ವಾರ ಅವರ ಅಪ್ಪ ಬದುವಿನ ಮೇಲೆ ನಿಂತು ಕಾಫಿ ಲೋಟ ಕೊಟ್ಟರು. "ಸಿನಿಮಾ ಪೇಪರಿಗೆ ಬರೀತೀರಂತಲ್ಲ. ಇದನ್ನೂ ಬರೀರಿ. ಬೋರರ್ ಬಂದ ಗಿಡ ಬಿಡಬಾರದು, ಕಿತ್ತು ಸುಡಬೇಕು ಅಂತ. ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಬರೆದಿದ್ದೇನೆ. ಮೂಡಿಗೆರೆ ಬಸ್ ಸ್ಟಾಂಡಿನಲ್ಲಿ ಅವರು ಈ ಸಂಚಿಕೆ ಕೊಂಡು ಓದುತ್ತಾರೆ ಅಂತಲೂ ಗೊತ್ತು. ಮದುವೆ ಮಾತು ಏನಾಯಿತು ಅಂತ ಕೇಳ್ತೀರಾ? ಆ ಚಿತ್ರಕ್ಕೆ ಇನ್ನೂ ಇಂಟರ್ವಲ್ ಬಿಟ್ಟಿದೆ. ಗೆಳೆಯನ ಅಂಗಿಯನ್ನು ಮಾತ್ರ ಒಗೆದು ವಾಪಸು ಕೊಟ್ಟಿದ್ದೇನೆ.